ಹೀರೋ ನಮ್ಮ ಥರ ಮಾತಾಡಿದ್ರೆ?

ಇವತ್ತು ಕಾರವಾರದ ಟಾಗೋರ್ ಬೀಚ್ ಹತ್ರ ಕೂತು ರೆಕಾರ್ಡ್ ಮಾಡ್ತಿದೀನಿ. ಮಧ್ಯ ಗಾಳಿ ಸದ್ದು ಬಂದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅಂಕೋಲೆಯಿಂದ ಬಿ.ಕಾಂ ಮುಗಿಸಿ ಬೆಂಗಳೂರಿಗೆ ಹೋದ ಹೊಸದರಲ್ಲಿ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ವಾಯ್ಸ್ ಟೆಸ್ಟ್ ಕೊಟ್ಟಿದ್ದೆ. ಡಾಕ್ಟರ್ ಪಾತ್ರ. ಓದ್ತಾ ಓದ್ತಾ 'ಮಾಡೋಕೆ' ಅನ್ನೋ ಕಡೆ ನನ್ನ ಬಾಯಲ್ಲಿ 'ಮಾಡೂಕೆ' ಅಂತ ಬಂದುಬಿಡ್ತು. ಗಾಜಿನ ಆಚೆ ಕೂತವರು ನಕ್ಕರು. "ವಾಯ್ಸ್ ಚೆನ್ನಾಗಿದೆ ಬ್ರೋ, ಆದ್ರೆ ಈ ಸ್ಲ್ಯಾಂಗ್ ಕಾಮಿಡಿಗೆ ಸರಿ" ಅಂದ್ರು. ಡಾಕ್ಟರ್ ಹೋದ, ಮೀನು ಮಾರುವವನ ಎರಡು ಸಾಲು ಸಿಕ್ತು. ದುಡ್ಡು ಬೇಕಿತ್ತು, ಮಾಡಿದೆ.

ಆಮೇಲೆ ಯೋಚಿಸಿದಾಗ ತಮಾಷೆ ಅನ್ನಿಸಿತು. ಯಾಕಂದ್ರೆ ಬೇರೆಯವರ ಮಾತು ಆಡಿ ಗೆದ್ದವರಲ್ಲಿ ನಮ್ಮ ಜಿಲ್ಲೆಯವರೇ ಮುಂದೆ. ಶಂಕರ್‌ನಾಗ್ ಹೊನ್ನಾವರದ ಕಡೆಯವರು, ಮನೆಮಾತು ಕೊಂಕಣಿ, ಮುಂಬೈಯಲ್ಲಿ ನಾಟಕ ಮಾಡಿಕೊಂಡಿದ್ದವರು. 1980ರ 'ಆಟೋ ರಾಜ' ಆದಮೇಲೆ ಬೆಂಗಳೂರಿನ ಆಟೋ ಚಾಲಕರಿಗೆ ಅವರೇ ದೇವರು. ಇವತ್ತಿಗೂ ಆಟೋ ಹಿಂದೆ ಅವರದೇ ಫೋಟೋ. ಅಣ್ಣ ಅನಂತ್‌ನಾಗ್ 1974ರ 'ಅಂಕುರ್'ನಲ್ಲಿ ಹೈದರಾಬಾದ್ ಕಡೆಯ ಜಮೀನ್ದಾರನ ಮಗ. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ಮನೆಮಾತೂ ಕೊಂಕಣಿನೇ. 1970ರ 'ಸಂಸ್ಕಾರ'ದಲ್ಲಿ ಮಾಧ್ವ ಅಗ್ರಹಾರದ ಪ್ರಾಣೇಶಾಚಾರ್ಯ ಆದ್ರು. ಆ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗಿನವರು, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು! ಕನ್ನಡಕ್ಕೆ ಮೊದಲ ಸ್ವರ್ಣಕಮಲ ಬಂದಿದ್ದು ಆ ಚಿತ್ರಕ್ಕೇ.

ಹಾಗಾಗಿ 'ಅಂಕೋಲೆ ಪಾತ್ರಕ್ಕೆ ಅಂಕೋಲೆಯವರೇ ಬೇಕು' ಅಂತ ಹಠ ಹಿಡಿಯೋದು ನನಗೆ ಒಪ್ಪಿಗೆ ಇಲ್ಲ. ಬ್ರಿಟನ್ನಿನ ಬೆನ್ ಕಿಂಗ್ಸ್ಲೆ ಗಾಂಧಿ ಆಗಿ ಆಸ್ಕರ್ ಗೆದ್ದರು. 'ಕಾಂತಾರ'ದಲ್ಲಿ ಬೆಂಗಳೂರಿನ ಸಪ್ತಮಿ ಗೌಡ ಕರಾವಳಿ ಹುಡುಗಿ ಲೀಲಾ ಆದ್ರು. ಇನ್ನೊಬ್ಬರಾಗೋದೇ ನಟರ ಕೆಲಸ ಅಲ್ವಾ?

ನನ್ನ ತಕರಾರು ಬೇರೆ. ನಾವು ಅವರ ಮಾತು ಆಡಿದ್ರೆ ನಟನೆ. ನಮ್ಮ ಮಾತು ಬಂದ್ರೆ ಕಾಮಿಡಿ. ಇದು ಯಾಕೆ?

ತಪ್ಪು ಬೆಂಗಳೂರಿನದ್ದು ಮಾತ್ರ ಅಂತ ಹೇಳೋಕಾಗಲ್ಲ. ನಮ್ಮ ಯಕ್ಷಗಾನವನ್ನೇ ನೋಡಿ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಒಬ್ಬರದ್ದು ಹವ್ಯಕ ಮಾತು, ಒಬ್ಬರದ್ದು ಕೊಂಕಣಿ, ಇನ್ನೊಬ್ಬರದ್ದು ನಾಡವರ ಕನ್ನಡ. ರಂಗಕ್ಕೆ ಬಂದ್ರೆ ರಾಮ, ರಾವಣ, ದ್ರೌಪದಿ ಎಲ್ಲರದ್ದೂ ಒಂದೇ ಗ್ರಾಂಥಿಕ ಕನ್ನಡ. ಯಾರ ಮನೆ ಎಲ್ಲಿ ಅಂತ ಗೊತ್ತೇ ಆಗಲ್ಲ. ಅದರಲ್ಲೊಂದು ಸಮಾನತೆ ಇದೆ, ನನಗದು ಇಷ್ಟ. ಆದ್ರೆ ಹಾಸ್ಯಗಾರ ಬಂದು ಬಾಯಿ ಬಿಟ್ಟ ಅಂದ್ರೆ ಊರ ಮಾತು! ಜನ ಬಿದ್ದು ಬಿದ್ದು ನಗ್ತಾರೆ. (ಆಟದ ಅತ್ಯಂತ ಖಾರದ ಮಾತು ಆಡೋದೂ ಅವನೇ, ಅದು ಬೇರೆ ವಿಷಯ.) ಮನೆಮಾತು ಹಾಸ್ಯಗಾರನ ಪಾಲಿಗೆ ಅಂತ ನಾವೇ ಎಷ್ಟೋ ಕಾಲದಿಂದ ಬಿಟ್ಟುಕೊಟ್ಟಿದ್ದೀವಿ.

ಸಿನಿಮಾದವರಿಗೆ ಇನ್ನೊಂದು ಗೊಂದಲ. ಉತ್ತರ ಕನ್ನಡ ಅಂದ ಕೂಡಲೇ "ಓ, ಏನ್ರೀ, ಹೆಂಗದೀರಿ!" ಅಂತ ಶುರು ಮಾಡ್ತಾರೆ. ಅಣ್ಣಾ, ಅದು ಹುಬ್ಬಳ್ಳಿ ಕಡೆ! ನಮ್ಮ ಜಿಲ್ಲೆಯ ಒಳಗೇ ಒಂದು ಮಾತಿಲ್ಲ. ಅಂಕೋಲೆಗೂ ಕಾರವಾರಕ್ಕೂ ಸುಮಾರು 35 ಕಿ.ಮೀ. ಇಲ್ಲಿನ ನನ್ನ ಗೆಳೆಯ ಮನೇಲಿ ಕೊಂಕಣಿ ಆಡ್ತಾನೆ, ಅವನ ಕನ್ನಡದ ರಾಗವೇ ಬೇರೆ. ಹಾಲಕ್ಕಿಯವರ ಕನ್ನಡ ಇನ್ನೂ ಬೇರೆ.

ಹಾಲಕ್ಕಿ ಅಂದಾಗ ತುಳಸಿ ಗೌಡ ನೆನಪಾಗ್ತಾರೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯವರು, 2024ರ ಡಿಸೆಂಬರಲ್ಲಿ ತೀರಿಕೊಂಡ್ರು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡ ಫೋಟೋ ನಿಮ್ಮ ಫೋನಿಗೂ ಬಂದಿರುತ್ತೆ. ನಾಳೆ ಅವರ ಮೇಲೆ ಒಂದು ಸಿನಿಮಾ ಬಂತು ಅಂತ ಇಟ್ಕೊಳ್ಳಿ. ಬೆಂಗಳೂರಿನ ನಟಿಯೇ ಮಾಡ್ಲಿ, ಬೇಡ ಅನ್ನಲ್ಲ. ಆದ್ರೆ ಕೊರಳ ತುಂಬ ಮಣಿಸರ ಹಾಕಿಸಿ ಬಾಯಲ್ಲಿ ಟಿವಿ ಸೀರಿಯಲ್ ಕನ್ನಡ ಇಟ್ರೆ ನನಗೆ ಸಿಟ್ಟು ಬರುತ್ತೆ. ಹೊನ್ನಳ್ಳಿಯಲ್ಲಿ ನಾಲ್ಕು ತಿಂಗಳು ಇದ್ದು ಕಿವಿ ಕೊಟ್ಟು ಕೇಳಲಿ. ಕಲಿಸಿದ ಊರಿನವರಿಗೆ ಸಂಬಳ ಕೊಡಲಿ, ಟೈಟಲ್ ಕಾರ್ಡಲ್ಲಿ ಹೆಸರು ಹಾಕಲಿ. ವೇಷಕ್ಕೆ ಬಜೆಟ್ ಇರುತ್ತೆ, ಮಾತಿಗೆ ಯಾಕಿಲ್ಲ? ಕಾಮರ್ಸ್ ಓದಿದವನು, ಲೆಕ್ಕ ಕೇಳೇ ಕೇಳ್ತೀನಿ.

ಇಷ್ಟೆಲ್ಲ ಹೇಳಿ ಸುಮ್ನೆ ಕೂರೋದು ಬೇಡ ಅಂತ ನಾವೇ ಒಂದು ಆಡಿಯೋ ನಾಟಕ ಮಾಡ್ತಿದೀವಿ. ಕೋರ್ಟ್ ಕಥೆ. ವಕೀಲ, ಕಳ್ಳ, ಪೊಲೀಸ್ ಎಲ್ಲರೂ ಅಂಕೋಲೆ ಮಾತಲ್ಲೇ. ನಮ್ಮ ಸೋದರಮಾವ ಜಡ್ಜ್. ಮನೇಲಿ ಅವರ ಮಾತು ಕೇಳೋಕೆ ಚೆಂದ. ಮೈಕ್ ಮುಂದೆ ಕೂರಿಸಿದ್ರೆ "ನ್ಯಾಯಾಲಯವು ಈ ವಿಷಯವನ್ನು ಪರಿಗಣಿಸಿ..." ಅಂತ ಶುರು!

"ಮಾವ, ಮನೇಲಿ ಮಾತಾಡ್ದಂಗೇ ಹೇಳಿ" ಅಂದೆ.

ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು. "ಜಡ್ಜ್ ಎಲ್ಲಾದ್ರೂ ಹಿಂಗೆ ಮಾತಾಡ್ತನೇನಾ?"

ಎರಡು ಟೇಕ್ ಹಾಳಾಯ್ತು. ಮೂರನೇದ್ರಲ್ಲಿ ಮರೆತು ಬೈದ್ರು ನೋಡಿ, ಕಳ್ಳನ ಪಾತ್ರದವನು ನಿಜವಾಗ್ಲೂ ಹೆದರಿದ. ಅದನ್ನೇ ಇಟ್ಕೊಂಡಿದೀನಿ. ಮುಂದಿನ ಶುಕ್ರವಾರ ಅಪ್ಲೋಡ್ ಮಾಡ್ತೀನಿ.