ನಿಂತಲ್ಲೇ ನಡುಗುವ ಎಂಜಿನು



ನಮ್ಮ ಚನ್ನರಾಯಪಟ್ಟಣ ಎಂದರೆ ಹಾಸನ ಸೀಮೆಯದಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಇಲ್ಲಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಸರ್ಕಾರ ಪ್ರಕಟಿಸಿತು. ಹೊಲ ಉಳಿದರೆ ಬೆಳೆ, ಬೆಳೆ ಬಂದರೆ ಅದನ್ನು ಸಂತೆಗೆ ಮುಟ್ಟಿಸುವ ಚಿಂತೆ. ಬೆಳಗಿನ ಜಾವ ಹುರುಳಿಕಾಯಿ, ದ್ರಾಕ್ಷಿ, ಟೊಮೇಟೊ ತುಂಬಿಕೊಂಡು ಹೊರಡುವ ಹಳೆಯ ಗಾಡಿ ಅನೇಕ ಮನೆಗಳಲ್ಲಿ ಒಂದು ಜೊತೆ ಎತ್ತಿದ್ದ ಹಾಗೆ. ಅಂಥ ಗಾಡಿ ನಿಂತಲ್ಲೇ ಗಡಗಡ ನಡುಗಿದರೆ ಏನು ಮಾಡಬೇಕು? ಇವೊತ್ತಿನ ಮಾತು ಇದೇ.

ಅನೇಕರು ಏನು ಮಾಡುತ್ತಾರೆ? ಕಾರ್ಬುರೇಟರಿನ ತಿರುಪು ತಿರುಗಿಸಿ ವೇಗ ಏರಿಸುತ್ತಾರೆ. ನಡುಕ ಮರೆಯಾಗುತ್ತದೆ, ರೋಗ ಹಾಗೇ ಉಳಿಯುತ್ತದೆ, ಪೆಟ್ರೋಲು ದಂಡವಾಗುತ್ತದೆ. ಜ್ವರ ಬಂದವನಿಗೆ ಕಂಬಳಿ ಹೊದಿಸಿ ವಾಸಿಯಾಯಿತು ಎಂದಂತೆ.

ಕಾರಣವನ್ನು ಮೊದಲು ತಿಳಿಯಿರಿ. ಹಳೆಯ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳಿ. ಅದರ ಎಂಜಿನಿಗೆ ಮೂರು ಸಿಲಿಂಡರು. ನಿಮಿಷಕ್ಕೆ 900 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ 450 ಸಲ ಕಿಡಿ ಹತ್ತಬೇಕು. ಮೂವರು ಆಳು ಹೊತ್ತ ಹೊರೆಯಲ್ಲಿ ಒಬ್ಬ ಕೈಬಿಟ್ಟರೆ ಹೊರೆ ವಾಲುವುದಿಲ್ಲವೆ? ಹಾಗೇ ಒಂದು ಸಿಲಿಂಡರು ಕೆಲಸ ಬಿಟ್ಟರೆ ಎಂಜಿನು ನಡುಗುತ್ತದೆ. ಓಡುವಾಗ ವೇಗ ಅದನ್ನು ಮುಚ್ಚುತ್ತದೆ, ನಿಂತಾಗ ಹೊರಬೀಳುತ್ತದೆ.

ಪರೀಕ್ಷೆಗೆ ಮುಂಚೆ ಗಾಡಿಯನ್ನು ಬಯಲಿಗೆ ತನ್ನಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನು ಓಡಿಸಲೇಬೇಡಿ. ಹೊಗೆಯಲ್ಲಿರುವ ವಿಷವಾಯುವಿಗೆ ವಾಸನೆಯೇ ಇಲ್ಲ, ಮಲಗಿದವನು ಏಳುವುದಿಲ್ಲ. ಗೇರು ಬಿಡಿಸಿ, ಕೈಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಸೆರಗು, ಟವಲು ಬೆಲ್ಟಿಗೆ ಸಿಗದಂತೆ ಕಟ್ಟಿಕೊಳ್ಳಿ. ಹತ್ತಿರ ಬೀಡಿ ಬೇಡ.

ಮೊದಲು ಹೊಗೆಕೊಳವೆಯ ಹಿಂದೆ ಒಂದು ಕಾಗದ ಹಿಡಿದು ನೋಡಿ. ಉಸಿರು ಒಂದೇ ಸಮನೆ ಬರುತ್ತಿದ್ದೂ ಗಾಡಿಯ ಮೈ ನಡುಗಿದರೆ ಎಂಜಿನನ್ನು ಹೊತ್ತ ರಬ್ಬರು ಗಟ್ಟಿಯಾಗಿರಬಹುದು, ಇಲ್ಲವೆ ಹರಿದಿರಬಹುದು. ಉಸಿರು ನಡುನಡುವೆ ತಪ್ಪಿದರೆ ಯಾವುದೋ ಸಿಲಿಂಡರು ಸೋತಿದೆ.

ಯಾವುದು ಎಂದು ಹೀಗೆ ಹುಡುಕಿ. ಓಮ್ನಿಯಲ್ಲಿ ಮುಂದಿನ ಸೀಟು ಎತ್ತಿದರೆ ಎಂಜಿನು ಕಾಣುತ್ತದೆ. ಎಂಜಿನು ನಿಲ್ಲಿಸಿ, ಪ್ಲಗ್ಗಿನ ತಂತಿಗಳಿಗೆ ಒಂದು, ಎರಡು, ಮೂರು ಎಂದು ಗುರುತು ಕಟ್ಟಿ. ಒಂದು ತಂತಿ ಬಿಚ್ಚಿ ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿ, ಆ ಪ್ಲಗ್ಗಿನ ಮೈಯನ್ನು ಪೆಟ್ರೋಲಿನ ದಾರಿಯಿಂದ ದೂರದಲ್ಲಿ ಎಂಜಿನಿನ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿ. ಆಮೇಲೆ ಸ್ವಲ್ಪ ಹೊತ್ತು ಚಾಲೂ ಮಾಡಿ. ಓಡುವಾಗ ತಂತಿಯನ್ನು ಕೈಯಲ್ಲಿ ಕೀಳಬೇಡಿ, ಜೋರಾದ ಹೊಡೆತ ಬಡಿಯುತ್ತದೆ. ನಡುಕ ಇನ್ನೂ ಹೆಚ್ಚಾಯಿತೆ? ಆ ಸಿಲಿಂಡರು ದುಡಿಯುತ್ತಿತ್ತು ಎಂದು ತಿಳಿಯಿರಿ. ಏನೂ ವ್ಯತ್ಯಾಸವಾಗಲಿಲ್ಲವೆ? ಅದೇ ಮೈಗಳ್ಳ.

ಎಂಜಿನು ಆರಿದ ಮೇಲೆ ಆ ಪ್ಲಗ್ಗನ್ನು ಬಿಚ್ಚಿ ತುದಿಯ ಬಣ್ಣ ನೋಡಿ. ಹುರಿದ ರಾಗಿಹಿಟ್ಟಿನ ಬಣ್ಣವಿದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಇಲ್ಲವೆ ಗಾಳಿಯ ಶೋಧಕದಲ್ಲಿ ಧೂಳು ಕಟ್ಟಿದೆ. ಎಣ್ಣೆ ಜಿಡ್ಡಾದರೆ ಒಳಗೆ ಎಣ್ಣೆ ನುಗ್ಗುತ್ತಿದೆ. ಈ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದಕ್ಕೆ ಬದಲಿಸಿ ಹಾಕಿ. ರೋಗ ಪ್ಲಗ್ಗಿನ ಜೊತೆ ಅಲ್ಲಿಗೆ ಹೋದರೆ ಹೊಸ ಪ್ಲಗ್ಗು ಸಾಕು. ಹೋಗದಿದ್ದರೆ ಒಳ್ಳೆಯ ತಂತಿಯೊಂದನ್ನು ಹಾಕಿ ನೋಡಿ. ಆಗಲೂ ಅದೇ ಸಿಲಿಂಡರು ಸೋತರೆ ವಾಲ್ವು, ಗ್ಯಾಸ್ಕೆಟ್ಟುಗಳ ದೋಷವಿದ್ದೀತು. ಮೆಕ್ಯಾನಿಕನಿಂದ ಸಿಲಿಂಡರಿನ ಒತ್ತಡ ಅಳೆಸಿ. ಅಳೆಯದೆ ಎಂಜಿನು ಬಿಚ್ಚಲು ಒಪ್ಪಬೇಡಿ.

ಮೂರೂ ಸಮನಾಗಿ ದುಡಿದೂ ನಡುಕವಿದ್ದರೆ ಚೋಕನ್ನು ತುಸು ಎಳೆಯಿರಿ. ನಡುಕ ತಗ್ಗಿದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದಾಗಿದೆ ಎಂದರ್ಥ. ಕಾರ್ಬುರೇಟರಿನ ಸಣ್ಣ ಜೆಟ್ಟಿನಲ್ಲಿ ಕಸ ಸಿಕ್ಕಿರಬಹುದು, ಅಥವಾ ರಬ್ಬರು ಕೊಳವೆ ಸೀಳಿರಬಹುದು. ಸೀಳಿದ ಕಡೆ ಹಾವು ಬುಸುಗುಟ್ಟಿದಂತೆ ಸದ್ದು ಬರುತ್ತದೆ. ಕೊಳವೆಗಳನ್ನು ಒಂದೊಂದಾಗಿ ಹಿಸುಕಿ ನೋಡಿದರೆ ಸಿಕ್ಕೀತು. ಸಿಗಲಿ ಎಂದು ಪೆಟ್ರೋಲು ಚಿಮುಕಿಸಬೇಡಿ, ಬೆಂಕಿ ಹತ್ತುತ್ತದೆ. ಎಲ್ಲ ಸರಿಯಾದ ಮೇಲೆಯೇ ವೇಗದ ತಿರುಪಿಗೆ ಕೈ ಹಾಕಬೇಕು.

ಇದು ಹಳೆಯ ಕಾರ್ಬುರೇಟರು ಗಾಡಿಯ ಮಾತು. ಹೊಸ ಪೆಟ್ರೋಲು ಗಾಡಿಯ ಫಲಕದಲ್ಲಿ ಎಂಜಿನಿನ ದೀಪ ಮಿಣುಕಿದರೆ ಮುಂದಕ್ಕೆ ಓಡಿಸದೆ ಸ್ಕ್ಯಾನರು ಹಾಕಿಸಿ. ಪಿ0302 ಎಂದು ಬಂದರೆ ಎರಡನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹೊಸ ಡೀಸಲು ಗಾಡಿಯ ಇಂಧನ ಕೊಳವೆಯನ್ನು ಮಾತ್ರ ನೀವು ಸಡಿಲಿಸಲೇಬಾರದು. ಅಲ್ಲಿಯ ಒತ್ತಡ ಚರ್ಮವನ್ನೇ ಸೀಳಿ ಒಳಹೊಗುತ್ತದೆ.

ಕೊನೆಯದಾಗಿ ಒಂದು ಮಾತು. ಕಾಯಿಪಲ್ಯ ಹೊರುವ ಇದೇ ಗಾಡಿ ನಡುರಾತ್ರಿ ಹೆರಿಗೆಗೆ ಹೋಗುವ ಮಗಳನ್ನೂ ಹೊರಬೇಕು. ಆ ಹೊತ್ತಿನಲ್ಲಿ ಕೆಡುವುದಕ್ಕಿಂತ ಬಿಡುವಿನ ಒಂದು ಬೆಳಗ್ಗೆ ನೋಡಿಕೊಳ್ಳುವುದು ಲೇಸು. ಇರುವುದು ಇಷ್ಟೇ: ಕಾಗದ ಹಿಡಿಯಿರಿ, ಸೋತ ಸಿಲಿಂಡರು ಹುಡುಕಿ, ಪ್ಲಗ್ಗು ಬದಲಿಸಿ ನೋಡಿ, ತಿರುಪು ಕಡೆಗೆ ಮುಟ್ಟಿ. ದುಡ್ಡು ಕೊಡುವ ಮುಂಚೆ ರೋಗ ಗೊತ್ತಿರಲಿ.