ಕಳಚಿದ ಪಟ್ಟಿ

ನೆಲ ಅಗೆಯುವ ಯಂತ್ರಗಳಿಗೆ ನಮ್ಮ ಜನ ತಮ್ಮದೇ ನಾಮಕರಣ ಮಾಡಿಕೊಂಡಿದ್ದಾರೆ. ಗಾಲಿಯ ಮೇಲೆ ಓಡುವುದೆಲ್ಲ ಜೆಸಿಬಿ. ಪಟ್ಟಿಯ ಮೇಲೆ ತೆವಳುವುದೆಲ್ಲ ಹಿಟಾಚಿ. ತಯಾರಿಸಿದವರು ಯಾರೇ ಆಗಿರಲಿ, ಬೀದಿಯ ಬಾಯಲ್ಲಿ ಹೆಸರು ಇವೆರಡೇ. ಈ ಎರಡನೆಯ ಬಗೆಯಲ್ಲಿ ಚಿಕ್ಕದಾದ ಮಿನಿ ಎಕ್ಸ್‌ಕವೇಟರ್ ಒಂದರ ವಿಚಾರ, ಅದರಲ್ಲೂ ಅದರ ಕಾಲಾದ ಟ್ರ್ಯಾಕ್ ಪಟ್ಟಿಯ ವಿಚಾರ, ನಾನು ಇಂದು ಹೇಳಹೊರಟಿರುವುದು.

ಗಾಲಿ ಇರುವಾಗ ಪಟ್ಟಿ ಏಕೆ ಬೇಕಾಯಿತು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಟಾಕ್ಟನ್ ಪಟ್ಟಣದ ಸುತ್ತಲಿನ ಮೆತ್ತನೆಯ ನೆಲದಲ್ಲಿ ಉಗಿಯಂತ್ರದ ಟ್ರ್ಯಾಕ್ಟರುಗಳು ಗಾಲಿಸಮೇತ ಹೂತುಹೋಗುತ್ತಿದ್ದವು. ಬೆಂಜಮಿನ್ ಹೋಲ್ಟ್ ಎಂಬಾತ 1904ರಲ್ಲಿ ಹಿಂದಿನ ಗಾಲಿಗಳನ್ನು ತೆಗೆದು, ಮರದ ಹಲಗೆಗಳನ್ನು ಪೋಣಿಸಿದ ಸರಪಳಿಯನ್ನು ಹೂಡಿದ. ಭಾರವು ಹೆಚ್ಚು ನೆಲದ ಮೇಲೆ ಹರಡಿತು, ಯಂತ್ರ ಹೂಳಲಿಲ್ಲ. ಅದರ ನಡಿಗೆ ಕಂಡವರಿಗೆ ಕಂಬಳಿಹುಳು ನೆನಪಾಯಿತು. ‘ಕ್ಯಾಟರ್‌ಪಿಲ್ಲರ್’ ಎಂಬ ಹೆಸರು ಹುಟ್ಟಿದ್ದು ಹಾಗೆ.

ನಾನಿರುವ ಚಂದ್ರಾ ಲೇಔಟ್‌ನಲ್ಲಿ ಯಂತ್ರಕ್ಕೆ ಒದಗುವ ತೊಡಕು ಬೇರೆ ಬಗೆಯದು. 30×40 ಅಡಿಯ ನಿವೇಶನ, ಇಕ್ಕೆಲದಲ್ಲೂ ಮನೆ. ಹಳೆಯ ಮನೆ ಕೆಡವಿ ನೆಲಮಾಳಿಗೆ ತೋಡುವಾಗ ಯಂತ್ರ ನಿಂತಲ್ಲೇ ತಿರುಗಬೇಕು, ಒಂದು ಪಟ್ಟಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಇಟ್ಟಿಗೆಯ ಚೂರು, ಕಬ್ಬಿಣದ ಸರಳು ರಬ್ಬರು ಪಟ್ಟಿಯ ಒಳಮೈಗೆ ಸೇರಿಕೊಳ್ಳುತ್ತವೆ. ಸಡಿಲಗೊಂಡ ಪಟ್ಟಿ ಕಳಚುವುದು ಇಂಥ ತಿರುವಿನಲ್ಲೇ.

ನಮ್ಮ ಬೀದಿಗೆ ಬಂದಿದ್ದ ಹಳೆಯ ಯಂತ್ರವೊಂದಕ್ಕೆ ಹೀಗಾಯಿತು. ಅದರ ಒಡೆಯನೇ ಚಾಲಕ. ಸೆಕೆಂಡ್ ಹ್ಯಾಂಡ್ ಕೊಂಡದ್ದು, ಸಾಲದ ಕಂತು ಇನ್ನೂ ತೀರಿರಲಿಲ್ಲ. ಯಂತ್ರ ನಿಂತ ದಿನ ಬಾಡಿಗೆ ಹುಟ್ಟದು, ಕಂತು ಮಾತ್ರ ನಿಲ್ಲದು. ಎಡಪಟ್ಟಿ ಮೂರು ದಿನದಲ್ಲಿ ಎರಡು ಬಾರಿ ಕಳಚಿದಾಗ, ಮತ್ತೆ ಸಾಲ ಮಾಡಿ ಹೊಸ ಪಟ್ಟಿ ತರುವುದೆಂದು ಆತ ನಿಶ್ಚಯಿಸಿದ್ದ. ಆತ ಕರೆಸಿದ ಹಿರಿಯ ಮೆಕ್ಯಾನಿಕ್ ಪಟ್ಟಿಯನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದರು:

“ಎಷ್ಟು ದಿವಸಕ್ಕೊಂದ್ಸಲ ಗ್ರೀಸ್ ಹೊಡೀತೀಯಪ್ಪಾ?”

“ದಿನಾ ಬೆಳಗ್ಗೆ ಹೊಡೀತೀನಣ್ಣ. ಸಂಜೆಗೆ ಮತ್ತೆ ಲೂಸು.”

ರೋಗದ ಮೂಲ ಆ ಉತ್ತರದಲ್ಲೇ ಇತ್ತು. ಪಟ್ಟಿಯ ಒಂದು ತುದಿಯಲ್ಲಿ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ ಅದನ್ನು ಎಳೆಯುತ್ತದೆ. ಇನ್ನೊಂದು ತುದಿಯಲ್ಲಿ ಐಡ್ಲರ್ ಎಂಬ ಚಕ್ರ ಅದನ್ನು ಬಿಗಿ ಹಿಡಿಯುತ್ತದೆ. ಐಡ್ಲರಿನ ಬೆನ್ನಿಗೊಂದು ಸಿಲಿಂಡರು. ಅದರೊಳಗಿನ ಗ್ರೀಸೇ ಐಡ್ಲರನ್ನು ಮುಂದಕ್ಕೆ ದೂಡಿ ನಿಲ್ಲಿಸುವುದು. ಬೆಳಗ್ಗೆ ತುಂಬಿದ ಬಿಗಿ ಸಂಜೆಗೆ ಉಳಿಯದೆಂದರೆ ಸಿಲಿಂಡರಿನ ಸೀಲೋ ಕವಾಟವೋ ಸೋರುತ್ತಿರಬೇಕು. ಹೊಸ ಪಟ್ಟಿ ತೊಡಿಸಿದ್ದರೆ ಅದೂ ಅದೇ ಗುಂಡಿಯಲ್ಲಿ ಕಳಚುತ್ತಿತ್ತು.

ಬೂಮನ್ನು ಪಕ್ಕಕ್ಕೆ ತಿರುಗಿಸಿ, ಬಕೆಟ್ಟನ್ನು ನೆಲಕ್ಕೊತ್ತಿ, ಎಡಮಗ್ಗುಲನ್ನು ಎತ್ತಿ ಕೆಳಗೆ ಮರದ ದಿಮ್ಮಿ ಕೊಟ್ಟರು. ಎಂಜಿನ್ ಆರಿಸಿದ ಮೇಲೆಯೇ ಕವಾಟಕ್ಕೆ ಸ್ಪ್ಯಾನರು ಹೋದದ್ದು. ಮೆಕ್ಯಾನಿಕ್ ಅದರ ಎದುರು ನಿಲ್ಲಲಿಲ್ಲ, ಯಾರನ್ನೂ ನಿಲ್ಲಗೊಡಲಿಲ್ಲ. ಅರ್ಧ ಕಳಚಿ ಸಿಕ್ಕಿಕೊಂಡ ಪಟ್ಟಿಯ ಹಿಂದೆ ಗ್ರೀಸು ಭಾರಿ ಒತ್ತಡದಲ್ಲಿರಬಹುದು. ಅವಸರದಿಂದ ಪೂರ್ತಿ ಬಿಚ್ಚಿದರೆ ಕವಾಟವೇ ಗುಂಡಿನಂತೆ ಸಿಡಿದೀತು. ಚರ್ಮವನ್ನು ತೂರಿ ಗ್ರೀಸು ಒಳಹೊಕ್ಕರೆ, ಸೂಜಿಮೊನೆಯಷ್ಟು ಗಾಯವೂ ಕೈಯನ್ನು ಕಳೆಯಬಲ್ಲದು. ಅಂಥವರನ್ನು ತಡಮಾಡದೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕು. ಆದ್ದರಿಂದ ನಿಧಾನವಾಗಿ, ಒಂದೇ ಸುತ್ತು ಸಡಿಲಿಸಿ, ಗ್ರೀಸು ತಾನಾಗಿ ಒಸರಲು ಬಿಟ್ಟರು.

ಐಡ್ಲರನ್ನು ಹೊರಗೆಳೆದು ನೋಡಿದರೆ ಸೀಲು ಹರಿದಿತ್ತು. ಪಟ್ಟಿಯ ಒಳಗಿನ ಉಕ್ಕಿನ ಹುರಿ ಎಲ್ಲಿಯೂ ಹೊರಬಿದ್ದಿರಲಿಲ್ಲ. ಸ್ಪ್ರಾಕೆಟ್ಟಿನ ಹಲ್ಲು ಸವೆದಿದ್ದರೂ ಕೊಕ್ಕೆಯಾಗಿರಲಿಲ್ಲ. ಕೊಕ್ಕೆಯಾದ ಹಲ್ಲು ಹೊಸ ಪಟ್ಟಿಯನ್ನೂ ಕಚ್ಚಿ ಹಾಳುಮಾಡುತ್ತದೆ. ಸೀಲು ಬದಲಿಸಿ, ಪಟ್ಟಿಯನ್ನು ಮೊದಲು ಸ್ಪ್ರಾಕೆಟ್ಟಿಗೆ ಕೂಡಿಸಿ, ಹಾರೆಯಿಂದ ಮೀಟಿ ಐಡ್ಲರಿನ ಮೇಲೇರಿಸಿದರು. ಇನ್ನು ಬಿಗಿಯ ಕೆಲಸ. ಎತ್ತಿದ ಪಟ್ಟಿ ನಡುವೆ ತುಸು ಜೋಲಬೇಕು; ಎಷ್ಟೆಂಬುದನ್ನು ಆಯಾ ಯಂತ್ರದ ಕೈಪಿಡಿ ಮಿಲಿಮೀಟರಿನಲ್ಲಿ ಹೇಳುತ್ತದೆ. ಅತಿ ಬಿಗಿಯಾದರೆ ಬೇರಿಂಗು, ರೋಲರುಗಳು ಬೇಗ ಸವೆಯುತ್ತವೆ. ಸಡಿಲವಾದರೆ ಪಟ್ಟಿ ಕಳಚುತ್ತದೆ. ವೈಣಿಕರು ಬಿರಡೆ ತಿರುವಿ ಕಿವಿಗೊಡುವಂತೆ, ಗ್ರೀಸ್ ಗನ್ನನ್ನು ಎರಡು ಸಲ ಒತ್ತಿ, ಅಳೆದು, ಮತ್ತೊಮ್ಮೆ ಒತ್ತಿದರು.

ಹೊಸ ಬಿಡಿಭಾಗ ಕೊಳ್ಳುವುದು ಇಂದು ಸುಲಭ; ಯಾವುದನ್ನು ಕೊಳ್ಳಬೇಕೆಂದು ತಿಳಿಯುವುದು ಸುಲಭವಲ್ಲ. ಹಳೆಯ ಯಂತ್ರವನ್ನು ನೆಚ್ಚಿ ಬದುಕುವ ಮನೆಗಳಿಗೆ ಆ ತಿಳಿವಳಿಕೆಯೇ ಅನ್ನ. ಹೊರಡುವ ಮುನ್ನ ಮೆಕ್ಯಾನಿಕ್ ಹೇಳಿದ್ದು ಎರಡೇ ಮಾತು: ಸಂಜೆ ಪಟ್ಟಿಯ ಒಳಗಿನ ಮಣ್ಣು ಕೆರೆದು ತೆಗೆ, ಜಾಗವಿದ್ದಲ್ಲಿ ದೊಡ್ಡ ಸುತ್ತಿನಲ್ಲಿ ತಿರುಗಿಸು. ಮರುದಿನ ಯಂತ್ರ ಗುಂಡಿಗಿಳಿಯಿತು. ಹೊಸ ಸಾಲದ ಮಾತು ಅಲ್ಲಿಗೆ ನಿಂತಿತು.