ರಂಗನತಿಟ್ಟಿನಲ್ಲಿ ಒಂದು ಬೆಳಗು

ರಜ ಬಂದಿತೆಂದರೆ ಮಕ್ಕಳಿಗೆ ಹುಲಿಯನ್ನು ನೋಡುವ ಆಸೆ. ಮನೆಯ ಹಿರಿಯರಿಗೆ ದೇವರನ್ನು ನೋಡುವ ಆಸೆ. ಒಂದು ಮೇ ತಿಂಗಳಿನಲ್ಲಿ ಸಂಸಾರಸಮೇತರಾಗಿ ಮೈಸೂರಿನಲ್ಲಿ ತಂಗಿದ್ದಾಗ ನಾವು ಎರಡು ಪಕ್ಷಗಳನ್ನೂ ರಾಜಿಮಾಡಿಸಿ ಶ್ರೀರಂಗಪಟ್ಟಣದ ದಾರಿ ಹಿಡಿದೆವು. ಶ್ರೀರಂಗನಾಥನ ದರ್ಶನವಾದ ಮೇಲೆ ಸಮೀಪದ ರಂಗನತಿಟ್ಟಿಗೆ ಹೋಗುವುದೆಂದು ಗೊತ್ತಾಯಿತು. ಹುಲಿಗೆ ಬದಲು ಕೊಕ್ಕರೆಯೇ ಎಂದು ಕಿರಿಯ ಮಗನು ಮುಖ ಊದಿಸಿಕೊಂಡನು.

ವನ್ಯಪ್ರಾಣಿಗಳ ಆಶ್ರಯಸ್ಥಾನವೆಂದರೆ ವಿಸ್ತಾರವಾದ ಅರಣ್ಯವನ್ನು ನೆನೆಯುವುದು ವಾಡಿಕೆ. ಇಲ್ಲಿ ಇರುವುದು ಕಾವೇರಿಯ ನಡುವಣ ಕೆಲವು ತಿಟ್ಟುಗಳು ಮಾತ್ರ. ಅವೆಲ್ಲವೂ ಸೇರಿ ಸುಮಾರು 40 ಎಕರೆ ಎಂದು ಹೇಳುವುದುಂಟು. 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಒಡ್ಡು ಕಟ್ಟಿಸಿದಾಗ ಈ ತಿಟ್ಟುಗಳು ರೂಪುಗೊಂಡವು. ಇಲ್ಲಿ ಹಕ್ಕಿಗಳು ಗೂಡುಕಟ್ಟುತ್ತಿದ್ದುದನ್ನು ಕಂಡ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರಿನ ಅರಸರಿಗೆ ವಿಷಯವನ್ನು ಅರಿಕೆ ಮಾಡಿಕೊಂಡರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ಹೊಲಗದ್ದೆಗಳಿಗಾಗಿ ಕಟ್ಟಿದ ಒಡ್ಡು ಹಕ್ಕಿಗಳಿಗೂ ಮನೆ ಮಾಡಿಕೊಟ್ಟುದು ನಮಗೆ ಸೋಜಿಗವಾಗಿ ತೋರುತ್ತದೆ.

ದೋಣಿ ಹೊರಟಿತು. ಅಂಬಿಗನು ವಯಸ್ಸಾದವನು, ಅವನ ಹುಟ್ಟು ನೀರಿಗೆ ಬೀಳುವ ಸದ್ದೂ ಕೇಳಿಸುತ್ತಿರಲಿಲ್ಲ. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದುಕೊಂಡು ಮಲಗಿತ್ತು. ಮೈಯ ಬಿಸಿಯನ್ನು ಇಳಿಸಿಕೊಳ್ಳಲು ಅದು ಹಾಗೆ ಮಾಡುವುದಂತೆ. ಮಗನಿಗೆ ಹುಲಿ ಮರೆತುಹೋಯಿತು. ನಮ್ಮ ತಾಯಿಯವರು ಮಾತ್ರ ಸೆರಗನ್ನು ಬಿಗಿಯಾಗಿ ಹೊದ್ದು ದೋಣಿಯ ನಡುವಿಗೆ ಸರಿದು ಕುಳಿತರು.

ಹೆಜ್ಜಾರ್ಲೆ, ನೀರುಕಾಗೆ, ಚಮಚದಂತೆ ಕೊಕ್ಕುಳ್ಳ ಕೊಕ್ಕರೆ, ಇವುಗಳನ್ನೆಲ್ಲ ಅಂಬಿಗನು ತೋರಿಸುತ್ತ ಹೋದನು. ಆದರೆ ನಮ್ಮ ಕಣ್ಣು ನೆಟ್ಟುದು ಬಣ್ಣದ ಕೊಕ್ಕರೆಗಳ ಮೇಲೆ. ಹಳದಿ ಕೊಕ್ಕು, ಬಿಳಿಯ ಮೈ, ಬಾಲದ ಬಳಿ ಕುಂಕುಮ ಎರಚಿದಂತೆ ನಸುಗೆಂಪು. ಮರದ ನೆತ್ತಿಯಲ್ಲಿ ಒಂದನ್ನೊಂದು ಒತ್ತಿಕೊಂಡಿದ್ದ ಗೂಡುಗಳಲ್ಲಿ ತಾಯಿಯೋ ತಂದೆಯೋ ರೆಕ್ಕೆಯನ್ನು ಅರೆಬಿಚ್ಚಿ, ಬಿಸಿಲಿಗೆ ಬೆನ್ನೊಡ್ಡಿ ನಿಂತಿತ್ತು. ಆ ನೆರಳಿನಲ್ಲಿ ಮರಿಗಳು ಕತ್ತು ಚಾಚುತ್ತಿದ್ದವು. ಕೊಡೆ ಹಿಡಿದು ನಿಂತಂತಿದೆಯಲ್ಲ ಎಂದು ನಮ್ಮ ಮನೆಯವರು ಮೆಲ್ಲನೆ ನುಡಿದರು.

ಇನ್ನಷ್ಟು ಹತ್ತಿರಕ್ಕೆ ಹೋಗೆಂದು ನಾವು ಅಂಬಿಗನನ್ನು ಕೇಳಿದೆವು. "ಬ್ಯಾಡಿ ಸ್ವಾಮಿ, ಇಷ್ಟೇ ಸಾಕು" ಎಂದನು. ನಮಗೆ ಸ್ವಲ್ಪ ಮುಖಭಂಗವಾಯಿತೆಂದೇ ಹೇಳಬೇಕು. ಆಮೇಲೆ ನಾವು ಮಾಡಿದುದನ್ನು ಹೇಳಲು ನಾಚಿಕೆಯಾಗುತ್ತದೆ. ಹಕ್ಕಿಗಳು ಹಾರುವುದನ್ನು ಮಕ್ಕಳು ನೋಡಲೆಂದು ಎರಡು ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆವು.

ನಾಲ್ಕೈದು ಗೂಡುಗಳ ಕೊಕ್ಕರೆಗಳು ಒಮ್ಮೆಲೇ ಎದ್ದವು. ನೋಡಲು ಚೆಲುವಾಗಿಯೇ ಇತ್ತು. ಆದರೆ ಅಂಬಿಗನು ಹುಟ್ಟನ್ನು ಮೇಲಕ್ಕೆತ್ತಿ ನಿಲ್ಲಿಸಿಬಿಟ್ಟನು. "ದೊಡ್ಡವು ಎದ್ದೋದ್ರೆ ಮರಿ ಬಿಸಿಲಲ್ಲಿ ಬೇಯ್ತವೆ ಸ್ವಾಮಿ. ಕಾಗೆ ಕಾಯ್ತಾ ಇರ್ತದೆ" ಎಂದಷ್ಟೇ ಹೇಳಿದನು. ಬೈದಿದ್ದರೆ ಲೇಸಾಗಿತ್ತು. ಕೊಕ್ಕರೆಗಳು ಒಂದೊಂದಾಗಿ ತಿರುಗಿ ಬಂದು ಕುಳಿತವು; ಅಂಚಿನ ಒಂದು ಗೂಡಿಗೆ ಮಾತ್ರ ಯಾವುದೂ ಬರಲಿಲ್ಲ. ಬರಿಯ ಬಿಸಿಲಿನಲ್ಲಿ ಎರಡು ಮರಿಗಳ ತಲೆ ಕಾಣುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ ಅಂಬಿಗನೇ ಮಾತೆತ್ತಿದನು. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಹೆಚ್ಚಾಗಿ ಬಂದರೆ ದೋಣಿ ನಿಲ್ಲುತ್ತದೆ, ತಗ್ಗಿನ ತಿಟ್ಟುಗಳು ಮುಳುಗುತ್ತವೆ. ಮಣ್ಣು ಕೊಚ್ಚಿಹೋಗದಂತೆ ಮರಳಿನ ಮೂಟೆಗಳನ್ನು ಒಟ್ಟುವುದುಂಟು. ಹೊಳೆಯ ಬಂಡೆಗಳ ಮೇಲೆ ಗೂಡನ್ನೇ ಕಟ್ಟದೆ ಮೊಟ್ಟೆಯಿಡುವ ರೀವಹಕ್ಕಿಗೆ ನೀರು ಒಂದು ಮೊಳ ಏರಿದರೂ ಸಾಕು, ಆ ವರ್ಷದ ಸಂಸಾರ ಮುಗಿಯಿತು. ನೀರು ಇಳಿದರೂ ತೊಂದರೆಯೆ. ನಾಯಿ, ಬೆಕ್ಕು ನಡೆದು ಬರಬಹುದು. ಈ ತಿಟ್ಟುಗಳಿಗೆ 2022ರಲ್ಲಿ ರಾಮ್‌ಸರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ಹಕ್ಕಿಗಳು ಬದುಕುವುದು ನೀರಿನ ಆ ಒಂದೆರಡು ಮೊಳದ ನಡುವೆ.

ದಡ ಸೇರಿದ ಮೇಲೂ ಮಗನು ಹೊರಡಲೊಲ್ಲನು. ಆ ಗೂಡಿಗೆ ಹಕ್ಕಿ ಬಂತೆ ಎಂಬುದೊಂದೇ ಅವನ ಪ್ರಶ್ನೆ. ನಮಗೂ ಹೊರಡಲು ಕಾಲು ಬರಲಿಲ್ಲ. ಅಂಬಿಗನು ಬೇರೆ ಜನರನ್ನು ಕೂರಿಸಿಕೊಂಡು ಮತ್ತೆ ಹೋದನು. ಬಿದಿರ ಮೆಳೆಯ ನೆರಳಿನಲ್ಲಿ, ತಾಯಿಯವರು ಕಟ್ಟಿ ತಂದಿದ್ದ ಪುಳಿಯೋಗರೆಯನ್ನು ಬಿಚ್ಚದೆಯೇ, ಅರ್ಧ ಗಂಟೆಯ ಕಾಲ ಕಾದೆವು. ದೋಣಿ ಇನ್ನೂ ದೂರದಲ್ಲಿದ್ದಾಗಲೇ ಅವನು ನಮ್ಮನ್ನು ಕಂಡು, ಹುಟ್ಟನ್ನು ಕೆಳಗಿಟ್ಟು, ಎರಡು ತೋಳುಗಳನ್ನೂ ರೆಕ್ಕೆಯಂತೆ ಅಗಲಿಸಿ ತೋರಿಸಿದನು.